ಯಂಕಪ್ಪನ ಹಿತ್ತಾಳೆ ಗುಂಡು

ತಕ್ಕಡಿಯ ತಟ್ಟೆಗೆ ಉರುಳಿ ಬಿದ್ದ ಹಿತ್ತಾಳೆಯ ಗುಂಡನ್ನು ಸುಮೇಧಾ ಕೈಹಾಕಿ ಎತ್ತಿಕೊಂಡಳು.

"ಪೀತಲ್ ಹೈ ಭಾಭಿ. ಅಚ್ಛಾ ಭಾವ್ ದೂಂಗಾ," ಎಂದ ಗುಜರಿಯವನು.

"ಯೇ ನಹೀ ದೇನಾ."

ಮಾವ ವಿಷ್ಣುಮೂರ್ತಿ ತಲೆ ಎತ್ತಲಿಲ್ಲ. ಹಿಂದಿನ ದಿನ ಮಗನ ವೈಕುಂಠ ಸಮಾರಾಧನೆ ಮುಗಿದಿತ್ತು. ಹದಿಮೂರು ದಿನ ಮುಚ್ಚಿದ್ದ ಹೋಟೆಲಿನ ಶಟರು ಈ ಬೆಳಿಗ್ಗೆ ಐದಕ್ಕೇ ಮೇಲೆದ್ದಿತ್ತು. ಮೊದಲ ಇಡ್ಲಿ ಇಳಿಸಿದವರು ಗಲ್ಲಾಪೆಟ್ಟಿಗೆಯ ಮುಂದೆ ಕೂರಲಾರದೆ ಡೊಂಬಿವಲಿಯ ಈ ಮೂರನೇ ಮಹಡಿಗೆ ಹತ್ತಿ ಬಂದು, ದಾರಿಯಲ್ಲಿ ಸಿಕ್ಕ ಗುಜರಿಯವನನ್ನೂ ಜೊತೆಗೆ ಕರೆತಂದಿದ್ದರು. ಬಾಲ್ಕನಿಯಲ್ಲಿದ್ದ ಡೊಂಕು ರಿಮ್ಮುಗಳು, ಚೈನುಗಳು, ಬಣ್ಣ ಕಾಣದ ಎರಡು ಫ್ರೇಮುಗಳು ಬಾಗಿಲ ಹೊರಗೆ ಬಂದಿದ್ದವು. ಆಸ್ಪತ್ರೆಯವರು ಮಗನ ಜೇಬಿನಲ್ಲಿದ್ದುದನ್ನು ಹಾಕಿ ಕೊಟ್ಟ ಪ್ಲಾಸ್ಟಿಕ್ ಚೀಲವನ್ನು ಇಷ್ಟು ದಿನ ಯಾರೂ ಬಿಚ್ಚಿರಲಿಲ್ಲ. ಮಾವ ಅದನ್ನೂ ನೋಡದೆ ತಕ್ಕಡಿಗೆ ಸುರಿದಿದ್ದರು.

"ಇದೊಂದು ಎಂತಕ್ಕೆ ಮಗಾ? ಎಲ್ಲ ಹೋಗಲಿ. ನೋಡಿದಷ್ಟೂ ಸಂಕಟ."

"ಇದು ಅವರದ್ದಲ್ಲ ಮಾವ. ಶಹಾಡಿನ ಗೌಂಡಿ ಯಂಕಪ್ಪನದ್ದು. ಕೇಳಿ ತಂದದ್ದು."

ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು. ತುದಿ ಚೂಪು. ದಾರ ಅದಕ್ಕೇ ಸುತ್ತಿಕೊಂಡಿತ್ತು. ಅದು ಇರಬೇಕಾದದ್ದು ಶಹಾಡಿನಲ್ಲಿ, ಗಂಡ ಅನೀಶ ಸೈಕಲ್ ಕಟ್ಟುತ್ತಿದ್ದ ಶೆಡ್ಡಿನ ಮೊಳೆಯಲ್ಲಿ. ಮಾಜಿವಾಡಾದ ಹೈವೇ ಚೌಕಿನಲ್ಲಿ ಸೈಕಲ್ ಅಪಘಾತಕ್ಕೆ ಸಿಕ್ಕಿ ಸತ್ತವನ ಜೇಬಿಗೆ ಅದು ಹೇಗೆ ಬಂತು?

*

ಶವ ಬರುವುದು ತಡವಾದ ದಿನ ಜನ ಮೆಟ್ಟಿಲ ಮೇಲೂ ಪಾರ್ಕಿಂಗಿನಲ್ಲೂ ನಿಂತಿದ್ದರು. ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಗೆ ಒರಗಿ ಕೂತ ಸುಮೇಧಾಳಿಗೆ ಎಲ್ಲ ಕೇಳುತ್ತಿತ್ತು.

"ಶಹಾಡಿಗೆ ಹೋಗುವವ ಮಾಜಿವಾಡಾಕ್ಕೆ ಎಂತಕ್ಕೆ ಹೋದದ್ದು?" ಕೆಳಮಹಡಿಯ ಜಯಲತಕ್ಕನ ದನಿ. "ಇದು ಪೂರ್ವ, ಅದು ಪಶ್ಚಿಮ."

"ಪ್ರಾಕ್ಟೀಸ್ ಇರ್ಬೇಕು. ಜನವರಿಯಲ್ಲಿ ಘಾಟ್ ರೇಸ್ ಉಂಟಲ್ಲ." ಅದು ದಯಾನಂದ, ಅನೀಶನೊಟ್ಟಿಗೆ ಎಂಟು ವರ್ಷ ರೇಸಿನಲ್ಲಿ ಸೈಕಲ್ ಓಡಿಸಿದವನು.

"ರೇಸ್ ಬಿಟ್ಟಾಗಿತ್ತಲ್ವಾ?"

"ಬಿಟ್ಟದ್ದು ನಾನು ಸಿಗರೇಟ್ ಬಿಟ್ಟ ಹಾಗೆ ಜಯಲತಕ್ಕ." ಯಾರೋ ನಕ್ಕು ನಗುವನ್ನು ಅಲ್ಲೇ ನುಂಗಿದರು. ದಯಾನಂದನ ದನಿ ಸಣ್ಣದಾಯಿತು. "ಒಂದು ಸಲವೂ ಗೆಲ್ಲಲಿಲ್ಲ ಮಾರಾಯ್ತಿ. ಯಾವಾಗಲೂ ನಾಲ್ಕನೆಯವ. ಮೆಡಲ್ ಸಿಕ್ಕಿದ ಮೂವರ ಫೋಟೋ ತೆಗೆಯುವ ಕೆಲಸ ಅವನದ್ದೇ. ನನ್ನ ಎಲ್ಲ ಫೋಟೋ ಅವ ತೆಗೆದದ್ದು."

ಕೊನೆಗೆ ಶವ ಬಂದಾಗ ಅತ್ತೆ ಗಂಗಾ ಮಗನ ತಲೆ ಮುಟ್ಟಿ ಒಂದೇ ಮಾತು ಹೇಳಿದರು. "ಮಾತು ಕೊಟ್ಟಿದ್ದಿಯಲ್ಲ ಮಗಾ."

ಮೂರು ವರ್ಷದ ಹಿಂದೆ ಘಾಟಿನ ತಿರುವಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಾಗ, ಆಸ್ಪತ್ರೆಯ ಮಂಚದ ಮೇಲೆ, ಅವನು ತಾಯಿಗೂ ಹೆಂಡತಿಗೂ ಮಾತು ಕೊಟ್ಟಿದ್ದ: ಇನ್ನು ರೇಸಿಲ್ಲ, ಹೈವೇ ಇಲ್ಲ. ಸೈಕಲ್ ಮಾಡುತ್ತೇನೆ, ಅಷ್ಟೆ.

ಸುಮೇಧಾ ಅಳಲಿಲ್ಲ. ಶಾಕ್ ಆಗಿದೆ ಎಂದರು ಬಂದವರು. ಅಳು ಇರಬೇಕಾದಲ್ಲಿ ಅವಳೊಳಗೆ ಜಯಲತಕ್ಕನ ಪ್ರಶ್ನೆ ಬಂದು ಕೂತಿತ್ತು. ಆ ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು ಏನೋ ಹೇಳಿದ್ದ. ಮಿಕ್ಸರ್ ಓಡುತ್ತಿತ್ತು. ಅವಳು ತಿರುಗಿ ನೋಡದೆ ಹೂಂ ಎಂದಿದ್ದಳು. ಅವನು ಸುಳ್ಳು ಹೇಳಿ ಹೋಗಿದ್ದನೇ? ಅದು ತಿಳಿಯದೆ ಅವನಿಗಾಗಿ ಅಳುವುದು ಹೇಗೆ?

*

ಯಂಕಪ್ಪನ ನಂಬರು ಅವಳ ಫೋನಿನಲ್ಲೇ ಇತ್ತು. ಅವನ ಸೈಕಲ್ ಸಿದ್ಧವಾದ ದಿನ ಅನೀಶ ಖುಷಿಯಲ್ಲಿ ಕೈಗೆ ಸಿಕ್ಕ ಅವಳ ಫೋನಿನಿಂದಲೇ ಕರೆದಿದ್ದ.

"ಯಾರ್ರಿ?"

"ಸುಮೇಧಾ. ಅನೀಶರ ಮನೆಯಿಂದ."

ಆ ಕಡೆ ಕಾಂಕ್ರೀಟು ಕಲಸುವ ಯಂತ್ರ ಗರಗರ ಎನ್ನುತ್ತಿತ್ತು.

"ನಿಮ್ಮ ಗುಂಡು ನನ್ನ ಹತ್ತಿರ ಇದೆ. ನೀವೆಲ್ಲಿದ್ದೀರಿ ಈಗ?"

"ಮಾಜಿವಾಡಾದಾಗ ಅದೀನ್ರಿ ಅಕ್ಕಾರ," ಎಂದ ಯಂಕಪ್ಪ.

ಅವಳು ಚಪ್ಪಲಿ ಮೆಟ್ಟಿದಳು. "ಈಗ ಎಲ್ಲಿಗೆ? ಊಟ?" ಅಡುಗೆಮನೆಯಿಂದ ಅತ್ತೆ ಕೇಳಿದರು. ಬಂದು ಮಾಡುತ್ತೇನೆ ಎಂದಳು.

ಡೊಂಬಿವಲಿಯ ಪ್ಲಾಟ್‌ಫಾರಮ್ಮಿನಲ್ಲಿ ಎರಡು ಗಾಡಿ ಬಿಟ್ಟಳು. ನೂಕುನುಗ್ಗಲಿಗಲ್ಲ. ಕಾಲು ಮುಂದೆ ಬರಲಿಲ್ಲ. ಮೂರನೆಯದನ್ನು ಹತ್ತಿದವಳು ಜಾಗವಿದ್ದರೂ ಕೂರಲಿಲ್ಲ. ಠಾಣೆ ನಿಲ್ದಾಣ ಬರುವವರೆಗೂ ಬಾಗಿಲ ಕಂಬಿ ಹಿಡಿದು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಳು. ಪರ್ಸಿನೊಳಗೆ ಗುಂಡು ಪ್ರತಿ ಕುಲುಕಿಗೂ ಸೊಂಟಕ್ಕೆ ಬಡಿಯುತ್ತಿತ್ತು.

*

ಎಂಟು ತಿಂಗಳ ಹಿಂದೆ ಶಹಾಡಿನ ಸೇತುವೆಯ ಮೇಲೆ ಅನೀಶ ಆ ಮನುಷ್ಯನನ್ನು ಅಡ್ಡಗಟ್ಟಿದ್ದ. ಐದಡಿಯ ಯಂಕಪ್ಪ, ಅವನಿಗಿಂತ ದೊಡ್ಡದೆನಿಸುವ ಕರೀ ಸೈಕಲ್ಲು. ಪೆಡಲು ಮುಟ್ಟಲು ಸೊಂಟವನ್ನು ಆ ಕಡೆ ಈ ಕಡೆ ಹೊರಳಿಸುತ್ತ, ಹಿಂದೆ ಕರಣೆ, ಬುಟ್ಟಿ, ಸಿಮೆಂಟಿನ ಚೀಲ ಕಟ್ಟಿಕೊಂಡು ಹೋಗುತ್ತಿದ್ದ.

"ಸ್ವಲ್ಪ ನಿಮ್ಮ ಕಾಲಿನ ಅಳತೆ ಬೇಕಿತ್ತು."

"ಯಾಕ್ರಿ, ದರ್ಜಿ ಏನ್ರಿ ನೀವು?"

ಈ ಕತೆಯನ್ನು ಅನೀಶ ಯಂಕಪ್ಪನ ದನಿಯಲ್ಲೇ ನಟಿಸಿ ಹೇಳುತ್ತಿದ್ದ. ಕೊನೆಗೆ ಮಾತ್ರ ಅವನದೇ ದನಿ: "ಸೈಕಲ್ ಮಾಡುವುದು ಆರಡಿಯವರಿಗೆ. ತುಳಿಯುವವರು ಐದಡಿ. ಇಷ್ಟು ವರ್ಷ ಯಾರೂ ಇದನ್ನು ನೋಡಲೇ ಇಲ್ಲ ಅಂದರೆ!"

ಶೆಡ್ಡಿನಲ್ಲಿ ಅವನು ದಾರಕ್ಕೆ ನಟ್ಟು ಕಟ್ಟಿ ಯಂಕಪ್ಪನ ಮೊಣಕಾಲಿನಿಂದ ಇಳಿಬಿಟ್ಟನಂತೆ. ದಾರ ಪೆಡಲಿನ ನಡುವಿಗೆ ಬಿದ್ದರೆ ಮೊಣಕಾಲು ನೋಯದು. ನಟ್ಟು ಫ್ಯಾನಿನ ಗಾಳಿಗೆ ಕುಣಿಯಿತು. ಯಂಕಪ್ಪ ನಕ್ಕು ಚೀಲದಿಂದ ಹಿತ್ತಾಳೆಯ ಗುಂಡು ತೆಗೆದ. "ಇದನ್ನ ಹಿಡೀರಿ. ನಮ್ಮಪ್ಪಂದು. ಗಾಳಿಗೆ ಅಂಜೂದಿಲ್ಲ."

ಎರಡು ದಿನಕ್ಕೆಂದು ತಂದದ್ದು. ಒಂದು ಭಾನುವಾರ ಅದನ್ನು ಮನೆಗೂ ತಂದು, ಹಾಲಿನಲ್ಲಿ ಸೈಕಲನ್ನು ಸ್ಟ್ಯಾಂಡಿಗೆ ಬಿಗಿದು, ಸುಮೇಧಾಳನ್ನು ಹತ್ತಿಸಿದ. ತಾನು ನೆಲಕ್ಕೆ ಕೆನ್ನೆಯಿಟ್ಟು ಮಲಗಿ ದಾರವನ್ನೇ ನೋಡುತ್ತಿದ್ದ.

"ಅಲುಗಾಡಬೇಡ."

"ನಾನಲ್ಲ, ಅದೇ ಅಲುಗಾಡ್ತಾ ಉಂಟು."

"ಉಸಿರು ಬಿಡು. ಕಾಯು. ತನ್ನಿಂತಾನೇ ನಿಲ್ಲುತ್ತದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಗುಂಡು ನಿಲ್ಲಲೇ ಇಲ್ಲ. ಆ ಅಳತೆ ಬರೆಯದೆಯೇ ಉಳಿಯಿತು.

*

ಮಾಜಿವಾಡಾದ ಸೇತುವೆಯಡಿ ಅವಳು ರಿಕ್ಷಾದ ಹೊರಗೆ ನೋಡಲಿಲ್ಲ. ಒಳರಸ್ತೆಯಲ್ಲಿ, ಕಟ್ಟುತ್ತಿದ್ದ ಕಂಪೌಂಡ್ ಗೋಡೆಯೊಂದರ ಮುಂದೆ ಯಂಕಪ್ಪ ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಗೋಡೆಗೆ ಒರಗಿದ್ದ ಹಸಿರು ಗಿಡ್ಡ ಸೈಕಲನ್ನು ಅವಳು ನೋಡಿದ ಕೂಡಲೇ ಗುರುತಿಸಿದಳು.

"ಬರಬೇಕಂತ ಮಾಡಿದ್ನಿರಿ ಅಕ್ಕಾರ. ಮಣ್ಣಿಗೂ ಬರ್ಲಿಲ್ಲ. ಯಾವ ಮುಖಾ ತಗೊಂಡು ಬರ್ಲಿ?"

"ಯಾಕೆ?"

"ನಾನ ಫೋನ್ ಮಾಡಿದ್ನಲ್ರಿ." ಅವನು ಟವೆಲ್ಲನ್ನು ಹಿಂಡಿದ. "ಇಪ್ಪತ್ತು ವರ್ಷ ನವಿ ಮುಂಬೈಯಾಗ, ಕಲ್ಯಾಣದಾಗ ಮಂದೀ ಕೈಕೆಳಗ ಗ್ವಾಡಿ ಕಟ್ಟೀನ್ರಿ. ಇದು ನಂದು ಮೊದಲನೇ ಸ್ವಂತ ಕೆಲಸ. ಮೊದಲನೇ ಕೆಲಸದ ಬಾಗಲಾ ಅಪ್ಪನ ಗುಂಡ ಹಚ್ಚೇ ಎತ್ತೂದು ನಮ್ಮ ಮನೀ ಪದ್ಧತಿ. ನಾಳೆ ಗೇಟಿನ ಕಂಬ ಐತಿ, ಗುಂಡ ಬೇಕಾಗೇತಿ ಅಂದ್ನಿ. ನಾನ ಬರ್ತೀನ್ರಿ ಅಂದ್ರ ಬ್ಯಾಡ ಅಂದ್ರು. ಎಂಟು ತಿಂಗಳಾ ಇಟ್ಕೊಂಡೀನಿ, ತಪ್ಪು ನಂದು, ನಾನ ತಂದು ಕೊಡ್ತೀನಿ ಅಂದ್ರು."

ಸುಮೇಧಾ ಪರ್ಸನ್ನು ಎದೆಗೊತ್ತಿ ಹಿಡಿದಳು. "ರೈಲಲ್ಲಿ ಬರ್ತೇನೆ ಅಂದ್ರಾ?"

"ರೈಲ್ನಾಗ ಬರ್ರಿ ಅಂತ ನಾನೂ ಅಂದ್ನಿರಿ. ಅದಕ್ಕ ನಕ್ರು. ಮನೀಂದ ಹೊಂಟ ಅರ್ಧ ತಾಸಿನ್ಯಾಗ ನಿನ್ನ ಮುಂದ ನಿಂದರ್ತೀನಿ, ಗಡಿಯಾರ ಹಿಡಕೊಂಡ ಕುಂದ್ರು ಅಂದ್ರು."

ಡೊಂಬಿವಲಿಯಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆ. ಅದಕ್ಕೆ ಎಷ್ಟು ವೇಗ ಬೇಕೆಂದು ಅವಳಿಗೆ ಗೊತ್ತಿತ್ತು. ಅದು ರೇಸಿನ ವೇಗ. ದಾರಿ ಹೈವೇಯದೇ.

"ಕುಂತಿದ್ನಿರಿ," ಎಂದ ಯಂಕಪ್ಪ. "ಅರ್ಧ ತಾಸಾತು, ಮುಕ್ಕಾಲಾತು. ಆಳುಗಳಿಗೆ ಹೇಳಿ ನಗ್ಲಿಕ್ಕತ್ತಿದ್ನಿ, ಸಾಹೇಬ್ರು ಇವತ್ತೂ ನಾಲ್ಕನೇ ನಂಬರ ಅಂತ. ಆ ಚೌಕಿನ್ಯಾಗ ಗದ್ದಲಾ ಕೇಳ್ತಿತ್ತು. ಎದ್ದ ನೋಡ್ಲಿಲ್ರಿ ನಾ. ಎದ್ದ ನೋಡ್ಲಿಲ್ಲ."

ಅವಳು ಪರ್ಸಿನಿಂದ ಗುಂಡು ತೆಗೆದು ಮುಂದೆ ಹಿಡಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ. ಅದನ್ನ ಖಾಡಿ ನೀರಿಗೆ ಒಗದುಬಿಡ್ರಿ. ನಾ ಕೇಳಿದ್ದಕ್ಕ ಆಗಿದ್ದದು."

ಗೇಟಿನ ಒಂದು ಕಂಬ ಮೊಣಕಾಲೆತ್ತರಕ್ಕೆ ನಿಂತಿತ್ತು. ಹದಿನಾಲ್ಕು ದಿನದಿಂದ ಅಷ್ಟೇ ಇದ್ದಿರಬೇಕು. ಇಟ್ಟಿಗೆಯ ಮೇಲೆ ಯಾರೋ ಚಹಾದ ಗ್ಲಾಸುಗಳನ್ನು ಜೋಡಿಸಿದ್ದರು. ಸುಮೇಧಾ ಅವನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟಳು. ಗುಂಡಿಗೆ ಸುತ್ತಿದ್ದ ದಾರ ಬಿಚ್ಚತೊಡಗಿದಳು. ಒಂದು ಕಡೆ ಗಂಟು ಬಿದ್ದಿತ್ತು. ಹಲ್ಲಿನಿಂದ ಬಿಡಿಸಿದಳು.

"ಅವರು ಕೊಡಲಿಕ್ಕೆ ಹೊರಟದ್ದು ಯಂಕಪ್ಪ. ಕೊಟ್ಟೇ ಹೋಗ್ತೇನೆ ನಾನು."

ಅವಳು ಬಗ್ಗಿ, ದಾರದ ತುದಿಯನ್ನು ಮೇಲಿನ ಇಟ್ಟಿಗೆಯ ಅಂಚಿನ ಹೊರಗೆ ಚಾಚಿ ಹಿಡಿದು ಗುಂಡನ್ನು ಇಳಿಬಿಟ್ಟಳು. ಅದು ಇಟ್ಟಿಗೆಗೆ ಟಕ್ಕೆಂದು ಬಡಿಯಿತು, ದೂರ ಹೋಯಿತು, ಮತ್ತೆ ಬಡಿಯಿತು. ಸ್ವಲ್ಪ ಹೊತ್ತಿನ ಮೇಲೆ ಯಂಕಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂದು ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಒಂದು ಕಣ್ಣು ಮುಚ್ಚಿ ದಾರವನ್ನು ನೋಡಿದ.

"ಕೈ ಅಳ್ಳಾಡಸಬ್ಯಾಡ್ರಿ ಅಕ್ಕಾರ."

"ನಾನಲ್ಲ," ಎಂದಳು. ಅವಳ ಕಣ್ಣಿಂದ ಇಳಿದದ್ದು ದಾರ ಹಿಡಿದ ಕೈಯ ಮೇಲೆ ಬಿತ್ತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಉಸಿರು ಬಿಟ್ಟು ಕಾಯತೊಡಗಿದಳು. ಕೆಳಗೆ ಗುಂಡಿನ ಚೂಪು ತುದಿ ಸಿಮೆಂಟಿನ ಧೂಳಿನ ಮೇಲೆ ಸಣ್ಣದಾಗಿ, ಇನ್ನೂ ಸಣ್ಣದಾಗಿ ಸುತ್ತುತ್ತಿತ್ತು.