ಶಿವರಾಮು ಮೇಷ್ಟ್ರ ಪ್ರಮೇಯ

ಜವರಪ್ಪ ಒದ್ದೆ ಬಟ್ಟೆಯಲ್ಲಿ ಕರಿಹಲಗೆಯನ್ನು ಅರ್ಧ ಒರೆಸಿಬಿಟ್ಟಿದ್ದ. ಒಳಗಿನಿಂದ ಓಡಿಬಂದ ಪದ್ಮಾವತಿ ಗಪ್ಪನೆ ಅವನ ಕೈ ಹಿಡಿದಳು.

"ಮಾವ! ಏನ್ ಮಾಡ್ಬುಟ್ರಿ?"

"ಬುದ್ಧನ ಫೋಟೊ ಇಡಕ್ಕೆ ಜಾಗ ಬೇಕಲ್ಲವ್ವ. ಭಂತೇಜಿ ಬರೋ ಹೊತ್ತಾಯ್ತು. ಅಳಿಯ ಏನೋ ಗೀಚಿದ್ದ, ಒರೆಸ್ದೆ. ಅದ್ರಲ್ಲೇನೈತೆ?"

ಅದ್ರಲ್ಲೇನೈತಂತೆ! ನಡುಮನೆಯ ಚಾಪೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಶಿವರಾಮು ತನ್ನ ಆಯಸ್ಸನ್ನೆಲ್ಲ ಸುರಿದದ್ದು ಅದಕ್ಕೇ. ಹಗಲು ಪಿಯು ಕಾಲೇಜಿನಲ್ಲಿ ಪಾಠ, ಬೆಳಿಗ್ಗೆ ಎದ್ದರೆ ಈ ಹಲಗೆ. ನಿನ್ನೆ ಸಂಜೆ ದಟ್ಟಗಳ್ಳಿಯ ಈ ಮನೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತ, ಅಷ್ಟೇ, ಹೋದ. ಅವನು ಹಿಡಿದಿದ್ದ ಗಣಿತಕ್ಕೆ ಕ್ರೊಮ್ಯಾಟಿಕ್ ಹೋಮೋಟೋಪಿ ಅಂತ ಹೆಸರು. ಹೆಸರಲ್ಲೇ ಬಣ್ಣ ಇದೆ ಅಂತ ಯಾರೋ ಹೇಳಿದ್ದೇ ತಡ, ಸೋದರಮಾವ ಜವರಪ್ಪ ನಮ್ಮಳಿಯ ಹೊಸ ಪೇಂಟು ಕಂಡುಹಿಡೀತಾವ್ನೆ ಅಂತ ತಮ್ಮೂರು ಮಂಡಕಳ್ಳಿಯಲ್ಲೆಲ್ಲ ಡಂಗುರ ಹೊಡೆದಿದ್ದ.

"ಉಳಿದಿದ್ದನ್ನ ಮುಟ್ಬೇಡಿ," ಅಂದಳು ಪದ್ಮಾವತಿ. "ನಿಶಾಂತ್ ಬಂದು ನೋಡ್ಲಿ."

ನಿಶಾಂತ್ ಶಿವರಾಮುವಿನ ಹಳೇ ಶಿಷ್ಯ, ಈಗ ಮುಂಬಯಿಯಲ್ಲಿ ಅದೇ ಗಣಿತದಲ್ಲಿ ಪಿಎಚ್.ಡಿ. ಮಾಡುತ್ತಿದ್ದವನು. ಆ ಬರಹ ಓದಬಲ್ಲವರು ಅವಳಿಗೆ ಗೊತ್ತಿದ್ದಂತೆ ಅವನೊಬ್ಬನೇ. ಗಂಡ ಕಟ್ಟಿದ ಪ್ರಮೇಯ ಸರಿಯೋ ತಪ್ಪೋ, ಇವತ್ತು ಅವನ ಬಾಯಿಂದ ಅವಳಿಗೆ ಗೊತ್ತಾಗಲೇಬೇಕಿತ್ತು.

*

ಮದುವೆಯಾದ ಹೊಸದರಲ್ಲಿ ಅನ್ನ ಬಡಿಸುತ್ತಾ ಕೇಳಿದ್ದಳು: "ಅದೇನ್ರೀ ದಿನಾ ಬರೆಯೋದು?"

"ಕೆಲವು ವಸ್ತು ಇರ್ತವೆ ಕಣೆ. ಅದಕ್ಕೊಂದು ಜೊತೆ ಇರುತ್ತೆ. ಎರಡನ್ನೂ ಸೇರಿಸಿದ್ರೆ ಏನೂ ಮಾಡೇ ಇಲ್ಲ ಅನ್ನೋ ಹಂಗಾಗ್ಬುಡುತ್ತೆ. ಅಂಥವು ಎಷ್ಟಿವೆ ಅಂತ ಹುಡುಕ್ತಿದೀನಿ."

"ಗಂಟು ಹಾಕಿ ಬಿಚ್ಚಿದಂಗಾ?"

ಅವನಿಗೆ ಎಷ್ಟು ಖುಷಿಯಾಯಿತೆಂದರೆ ಎಂಜಲುಗೈಯಲ್ಲೇ ಗಾಳಿಯಲ್ಲಿ ಬರೆಯತೊಡಗಿದ. "ಹಂಗೇ! ಆಮೇಲೆ ಗ್ರೂಪ್ ಅಂತ ಒಂದು ಚಲನೆಗಳ ಗುಂಪು ಬಂದು ಅದನ್ನ ಅಲ್ಲಾಡಿಸುತ್ತೆ ಅಂದ್ಕೊ. ಗ್ರೂಪಲ್ಲಿ ಚೂರು ಸರಿದ್ರೆ ವಸ್ತುವಿನಲ್ಲೂ ಚೂರೇ ಸರೀಬೇಕು, ಎಗರಿ ಬೀಳ್ಬಾರ್ದು. ಇದೊಂದು ಮುಗೀಲಿ, ನೋಡ್ತಿರು."

ಇದೊಂದು ಮುಗೀಲಿ. ಊರು ಸುತ್ತಕ್ಕೆ ಹೋಗೋಣ ಅಂದರೂ ಅದೇ, ಮಗು ಬೇಕು ಅಂದರೂ ಅದೇ. ಅವಳೂ ಪೆದ್ದಿಯ ಹಾಗೆ ಹೂಂಗುಟ್ಟಿದಳು. ಕೊನೆಗೊಂದು ದಿನ ಡಾಕ್ಟರಮ್ಮ, ಇಷ್ಟು ತಡವಾಗಿ ಬಂದಿದ್ದೀರಲ್ಲ ಅಂತ ಮೆಲ್ಲಗೆ ಹೇಳಿದಾಗ ಇಬ್ಬರೂ ಆಟೋ ಹತ್ತಿ ಮನೆಗೆ ಬಂದರು. ಮಾರನೇ ಬೆಳಿಗ್ಗೆ ಅವನು ಮತ್ತೆ ಹಲಗೆಯ ಮುಂದೆ ನಿಂತ. ಅವಳು ಕಾಫಿ ಮಾಡಿಕೊಟ್ಟಳು.

*

ನಿಶಾಂತ್ ಬಂದವನು ಮೇಷ್ಟ್ರ ಪಾದ ಮುಟ್ಟಿ, ಹಲಗೆಯ ಉಳಿದರ್ಧ ನೋಡಿ, ತಟಕ್ಕನೆ ಮುಖ ತಿರುಗಿಸಿದ. ಪದ್ಮಾವತಿ ಅವನ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದಳು.

"ನಿಜ ಹೇಳು ಕಣಪ್ಪ. ಸರಿಯಾಗಿತ್ತಾ?"

"ಮೇಡಂ, ಇವತ್ತು ಬೇಡ..."

"ಇವತ್ತೇ ಬೇಕು ನನಗೆ."

ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದ. "ಇಲ್ಲ ಮೇಡಂ. ಒಂದೊಂದು ಹಂತದಲ್ಲೂ ಸರೀನೇ ಇದೆ. ಹಂತಗಳು ಮುಗಿಯೋದೇ ಇಲ್ಲ, ಅವನ್ನೆಲ್ಲ ಒಟ್ಟಿಗೆ ಸೇರಿಸಿದಾಗ ಎಗರಿ ಬೀಳುತ್ತೆ. ಬೀಳಲ್ಲ ಅಂತ ಸರ್ ನಂಬಿಬಿಟ್ಟಿದ್ರು, ಸಾಧಿಸಿರಲಿಲ್ಲ. ಮೇಲಿನದೆಲ್ಲ ಅದರ ಮೇಲೇ ಕಟ್ಟಿದ್ದು."

"ನೀನು ಸರಿಮಾಡಕ್ಕಾಗಲ್ವಾ?"

"ಯಾರಿಗೂ ಆಗಲ್ಲ. ಪ್ರಮೇಯಾನೇ ಸುಳ್ಳು."

"ಅವರಿಗೆ ಗೊತ್ತಿತ್ತಾ?"

"ದೀಪಾವಳಿಗೆ ಬಂದಾಗ ನಾನೇ ತೋರಿಸ್ದೆ. ಹೌದು ಕಣೋ, ಅಂದ್ರು. ಮನೇಲಿ ಹೇಳ್ಬೇಡ, ಅಂದ್ರು."

"ಅಲ್ವೋ, ನೆನ್ನೆ ಬೆಳಿಗ್ಗೇನೂ ಬರೀತಿದ್ರಲ್ಲೋ!"

ನಿಶಾಂತ್ ಅಳತೊಡಗಿದ. "ಹಲಗೆ ಮೇಲಿರೋದು ಹಳೇ ಪ್ರೂಫೇ ಮೇಡಂ. ಅಕ್ಷರ ಬಿಡದೆ ಅದನ್ನೇ ಬರೆದಿದ್ದಾರೆ."

ಪದ್ಮಾವತಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ದೀಪಾವಳಿಯಿಂದ ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಆ ಸೀಮೆಸುಣ್ಣದ ಸದ್ದು ಕೇಳಿ, ಇನ್ನೇನು ಮುಗೀತು ಅಂತ ಅವಳು ಹಿಗ್ಗಿದ್ದಳು. ಅವಳು ಕೇಳಲಿ ಅಂತಲೇ ಅವನು ಬರೆಯುತ್ತಿದ್ದ! ಒಂದು ಮಾತು ಹೇಳಿದ್ದರೆ ಇಬ್ಬರೂ ಕೂತು ಅತ್ತಾದರೂ ಅಳುತ್ತಿದ್ದರು. ಈಗ ಯಾರ ಕೊರಳಪಟ್ಟಿ ಹಿಡಿದು ಕೇಳೋದು?

ಒಳಗೆ ಬಂದಾಗ ಬೌದ್ಧ ಭಿಕ್ಷು ಭಂತೇಜಿಯ ಪಠಣ ಮುಗಿದು, ಹೊರುವವರು ಎದ್ದು ನಿಂತಿದ್ದರು. ಮಗನ ತಲೆಯ ಹತ್ತಿರ ಕೂತಿದ್ದ ತಿಮ್ಮಮ್ಮ ಸೊಸೆಯ ಸೀರೆ ಜಗ್ಗಿದಳು.

"ಏನಂದನವ್ವ ಆ ಹುಡ್ಗ? ನನ್ ಮಗಂದು ಸರಿಯಾಗೈತಂತಾ?"

ಸರಿಯಾಗಿದೆಯಂತೆ ಅತ್ತೆ, ಅನ್ನೋಣವೆಂದೇ ಪದ್ಮಾವತಿ ಬಾಯಿ ತೆರೆದದ್ದು. ಸುಳ್ಳು ಸಾಕಾಗಿಹೋಗಿತ್ತು.

"ತಪ್ಪಾಗಿದೆಯಂತೆ ಅತ್ತೆ."

ಮುದುಕಿ ಸೀರೆ ಬಿಟ್ಟು ಮಗನ ಕಡೆ ತಿರುಗಿದಳು.

"ತಪ್ಪಾಗಿದ್ರೆ ಎಬ್ಬಿಸವ್ವ. ತಿದ್ಕತಾನೆ."

"ಅತ್ತೆ..."

"ನೀ ಎಬ್ಬಿಸು ಅಂದೆ. ಸಣ್ಣೋನಿದ್ದಾಗ್ಲೂ ಅಂಗೇಯ, ತಪ್ಪಾಗದೆ ಅಂದ್ರೆ ನಿದ್ದೆಗಣ್ಣಲ್ಲೇ ಎದ್ ಕೂತ್ಕಳೋನು." ತಿಮ್ಮಮ್ಮ ಮಗನ ಕೆನ್ನೆ ತಟ್ಟಿದಳು. "ಶಿವ್ರಾಮು, ಏಳಪ್ಪ. ತಪ್ಪಾಗದಂತೆ ನೋಡು. ಏಳೋ ನನ್ನಪ್ಪ."

ಯಾರಿಗೂ ಅವಳನ್ನು ತಡೆಯುವ ಧೈರ್ಯ ಬರಲಿಲ್ಲ. ಬಿಳಿ ಬಟ್ಟೆಯೊಳಗೆ ತಡಕಾಡಿ ಅವಳು ಮಗನ ಬಲಗೈ ಹಿಡಿದು ಎಳೆದಳು. ಕೈ ಮಡಚಲಿಲ್ಲ, ಸೆಟೆದ ತೋಳಿನೊಂದಿಗೆ ಹೆಗಲೂ ತಲೆಯೂ ಚಾಪೆಯಿಂದ ಚೂರು ಮೇಲೆದ್ದವು. "ನೋಡ್ರವ್ವ, ಎದ್ದ," ಅಂದಳು ತಿಮ್ಮಮ್ಮ, ಬಿಡದೆ ಎಳೆಯುತ್ತಾ.