ತೆಳು ಗಂಜಿ

ಗಂಜಿ ಇಳಿಯಲಿಲ್ಲ. ಬೆಳ್ಳಿಯಮ್ಮ ಸಿರಿಂಜನ್ನು ಇನ್ನಷ್ಟು ಮೇಲಕ್ಕೆ ಹಿಡಿದಳು. ದಿಂಬಿಗೆ ಒರಗಿಸಿದ್ದ ಮೊಮ್ಮಗಳು ನಿವೇತಾಳ ಮೂಗಿನಿಂದ ಬಂದ ಸಣ್ಣ ಟ್ಯೂಬು ಆ ಸಿರಿಂಜನ್ನು ಸೇರಿತ್ತು. ಅದರೊಳಗೆ ರಾಗಿ ಗಂಜಿ ಕದಲದೆ ನಿಂತಿತ್ತು. ಪಕ್ಕದ ಕೈಮಗ್ಗದಲ್ಲಿ ಗಂಡ ಪೆರಿಯಸಾಮಿ ನೇಯುತ್ತಿದ್ದ. ಆ ಸದ್ದಿಗೆ ಮಗು ನಿದ್ದೆಹೋಗಿತ್ತು. ಸೂರಿನ ಗಾಜಿನ ಹೆಂಚಿನಿಂದ ಮಧ್ಯಾಹ್ನದ ಬಿಸಿಲು ಮಗುವಿನ ಪಾದದ ಮೇಲೆ ಬಿದ್ದಿತ್ತು.

ಮಿದುಳು ಜ್ವರ ಬಂದು ಹೋದ ಮೇಲೆ ನಿವೇತಾಳಿಗೆ ಬಾಯಲ್ಲಿ ಏನು ಕೊಟ್ಟರೂ ಅಪಾಯ. ಮನೆಮನೆಗೆ ಬರುವ ನರ್ಸ್ ವಿನೋದಿನಿ ಟ್ಯೂಬಿನಲ್ಲಿ ಗಂಜಿ ಬಿಡುವುದನ್ನು ಕಲಿಸಿದ್ದಳು. ನೀರಿನಷ್ಟು ತೆಳುವಾಗಿರಬೇಕು, ಬಟ್ಟೆಯಲ್ಲಿ ಸೋಸಬೇಕು. ಬೆಳ್ಳಿಯಮ್ಮ ಕಲಿತಳು, ಆದರೆ ಒಪ್ಪಲಿಲ್ಲ. ಕೋಯಮತ್ತೂರು ಕಡೆಯ ಸಿರುಮುಗೈಯ ಈ ನೇಕಾರರ ಬೀದಿಗೆ ಸೊಸೆಯಾಗಿ ಬಂದಾಗಿನಿಂದ ನೂಲಿಗೆ ಗಂಜಿ ಕಾಯಿಸಿದ ಕೈ ಅದು. ಗಂಜಿ ತೆಳುವಾದರೆ ಮಗ್ಗಕ್ಕೆ ಉದ್ದಕ್ಕೂ ಬಿಗಿಯುವ ಹಾಸುನೂಲು ನಿಲ್ಲುವುದಿಲ್ಲ, ಎಳೆ ಪಟಪಟ ಕಡಿಯುತ್ತದೆ. ಮಗುವಿನ ತೋಳು ನೋಡಿದಾಗಲೆಲ್ಲ ಅವಳಿಗೆ ಗಂಜಿ ಕಾಣದ ನೂಲೇ ನೆನಪಾಗುತ್ತಿತ್ತು. ಇವತ್ತು ಸೊಸೆ ನಿತ್ಯಾ ಮಿಲ್ಲಿಗೆ ಹೋದದ್ದೇ ತಡ, ಗಟ್ಟಿಯಾಗಿ ಕಾಯಿಸಿದಳು, ಸೋಸಲೂ ಇಲ್ಲ. ಅಜ್ಜಿಯರ ಅಕ್ಕರೆಗೆ ಮೂಗುದಾರ ಹಾಕುವವರು ಯಾರು?

"ಇಲ್ಲಿ ಕೇಳೀರಾ," ಅಂದಳು ಗಂಡನಿಗೆ. "ಟ್ಯೂಬ್ ಅಡಚ್ಕೊಂಡದೆ. ಆ ಅಮ್ಮಣಿಗೆ ಪೋನ್ ಹಾಕಿ."

ವಿನೋದಿನಿ ಪಕ್ಕದ ಊರಲ್ಲೇ ಇದ್ದಳು, ಸ್ಕೂಟರಿನಲ್ಲಿ ಬೇಗ ಬಂದಳು. ಅವಳೂ ನೇಕಾರರ ಮನೆಯ ಹುಡುಗಿಯೇ. ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿ, "ಏನ್ ಪಾಟಿ ಇದು?" ಅಂದಳು ಅಜ್ಜಿಗೆ.

"ಬಲ ಬರ್ಲಿ ಅಂತ ಗಟ್ಟಿ ಮಾಡ್ಬುಟ್ಟೆ ಅಮ್ಮಣಿ. ನಂದೇ ತಪ್ಪು."

"ಬಿಸಿನೀರಲ್ಲಿ ನೋಡ್ತೀನಿ, ಬಿಡ್ತದಾ ಅಂತ. ಬಿಡ್ಲಿಲ್ಲಾಂದ್ರೆ ಕೋಯಮತ್ತೂರು ಆಸ್ಪತ್ರೆಗೇ ಹೋಗ್ಬೇಕು. ಇವಳಿಗೆ ಹೊಸ ಟ್ಯೂಬ್ ನಾ ಇಲ್ಲಿ ಹಾಕಕ್ಕಾಗಲ್ಲ."

ಬೆಳ್ಳಿಯಮ್ಮನಿಗೆ ಆ ಆಸ್ಪತ್ರೆ ಗೊತ್ತಿತ್ತು. ಹೋದ ಸಲ ಅಲ್ಲಿ, ಟ್ಯೂಬು ಕಿತ್ತುಕೊಳ್ಳದಿರಲೆಂದು, ಮಗುವಿನ ಎರಡು ಕೈಗೂ ಬಟ್ಟೆ ಕಟ್ಟಿದ್ದರು. ಮಗು ಅಳಲಿಲ್ಲ, ಅಜ್ಜಿಯನ್ನೇ ನೋಡುತ್ತಿತ್ತು. ಇನ್ನೊಮ್ಮೆ ಆ ನೋಟ ತಡೆದುಕೊಳ್ಳುವುದು ಅವಳಿಂದಾಗದು.

ಪೆರಿಯಸಾಮಿ ಕೈ ನಿಲ್ಲಿಸಿದ್ದ. ಸದ್ದು ನಿಂತಿದ್ದೇ ಮಗುವಿನ ಹುಬ್ಬು ಗಂಟಿಕ್ಕಿತು.

"ತಾತಾ, ನೀವು ನೆಯ್ರಿ," ಅಂದಳು ವಿನೋದಿನಿ. "ಅವಳು ಮಲಗ್ಲಿ."

ಮಗ್ಗ ಮತ್ತೆ ಲಟಕ್ ಪಟಕ್ ಅಂದಿತು. ವಿನೋದಿನಿ ಬೆಚ್ಚನೆ ನೀರನ್ನು ಒಂದಿಷ್ಟು ನೂಕುತ್ತಾಳೆ, ಒಂದಿಷ್ಟು ಎಳೆಯುತ್ತಾಳೆ, ಸುಮ್ಮನೆ ಕಾಯುತ್ತಾಳೆ. ಮತ್ತೆ ನೂಕುತ್ತಾಳೆ. ನೋಡುತ್ತ ನೋಡುತ್ತ ಬೆಳ್ಳಿಯಮ್ಮನ ಕಣ್ಣು ಮಂಜಾಯಿತು, ಮಂಪರು ಕವಿಯಿತು. ಬೆಳಗಿನ ಬೀದಿ, ಈ ತುದಿಯಿಂದ ಆ ತುದಿಗೆ ಬದನೆ ಬಣ್ಣದ ಹಾಸು ಹರಡಿದೆ, ಗಂಜಿಯಲ್ಲಿ ನೆನೆದು ತೊಟ್ಟಿಕ್ಕುತ್ತಿದೆ. ಅದರ ಕೆಳಗೆ ನಿವೇತಾ ಅಂಬೆಗಾಲಿಕ್ಕಿ ಹೋಗುತ್ತಿದ್ದಾಳೆ. ಎಳೆಗಳ ನೆರಳು ಅವಳ ಬೆನ್ನ ಮೇಲೆ ಹರಿದಾಡುತ್ತಿದೆ. ಬಾ ನನ್ ಕಣ್ಣೇ ಅಂತ ಕೂಗಿದರೆ ದನಿಯೇ ಬರುತ್ತಿಲ್ಲ. ಹಾಸು ಮುಗಿಯುತ್ತಲೇ ಇಲ್ಲ, ಮಗು ದೂರ ದೂರ ಹೋಗುತ್ತಿದೆ.

"ಪಾಟಿ. ಬಿಟ್ಕೊಂಡ್ತು."

ಸಿರಿಂಜಿನ ನೀರು ತಾನಾಗಿಯೇ ಕೆಳಗಿಳಿಯುತ್ತಿತ್ತು. ಬೆಳ್ಳಿಯಮ್ಮ ಕುಲದೇವತೆ ಚೌಡಮ್ಮನನ್ನು ನೆನೆದು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎರಡೂ ಕೈಯನ್ನು ಮಡಿಲಲ್ಲಿ ಅಡಗಿಸಿಕೊಂಡಳು.

"ಇನ್ಮೇಲೆ ನಾ ಮುಟ್ಟಲ್ಲ ಅಮ್ಮಣಿ. ನಿತ್ಯಾನೇ ಬಂದು ಕೊಡ್ಲಿ."

"ಅಕ್ಕ ಬರೋದು ಸಾಯಂಕಾಲ. ಇವಳ ಹಸಿವು ಅಲ್ಲೀವರ್ಗೂ ಕಾಯ್ತದಾ?" ವಿನೋದಿನಿ ಎದ್ದು ಕೈ ತೊಳೆಯಲು ಹೊರಟೇಬಿಟ್ಟಳು. "ನೀರು ಸೇರ್ಸಿ, ಸೋಸಿ ತನ್ನಿ. ನೀವೇ ಬಿಡಿ."

ಬೆಳ್ಳಿಯಮ್ಮ ಸೋಸಿದಳು, ಮತ್ತೊಮ್ಮೆ ಸೋಸಿದಳು. ಗಂಜಿಯನ್ನು ಸಿರಿಂಜಿಗೆ ಸುರಿದು ಮೇಲಕ್ಕೆ ಹಿಡಿದಳು. ಅದು ಎಷ್ಟು ಸಲೀಸಾಗಿ ಇಳಿಯಿತೆಂದರೆ, ತಾನು ಏನನ್ನೂ ಕೊಡಲೇ ಇಲ್ಲವೇನೋ ಎಂದು ಅವಳಿಗೆ ಸಂಕಟವಾಯಿತು.

ನಿದ್ದೆಯಲ್ಲೇ ನಿವೇತಾಳ ತುಟಿ ಅಲುಗಿತು. ಎಲ್ಲೋ ಯಾರೋ ತುತ್ತಿಟ್ಟಂತೆ, ಅವಳು ನಿಧಾನವಾಗಿ, ರುಚಿಯಾಗಿ ಅಗಿಯತೊಡಗಿದಳು. ಸಿರಿಂಜು ಬರಿದಾಗಿತ್ತು. ಬೆಳ್ಳಿಯಮ್ಮ ಅದನ್ನು ಕೆಳಗಿಳಿಸದೆ ಹಾಗೆಯೇ ಹಿಡಿದುಕೊಂಡು ಕುಳಿತಳು.