ಮುಚ್ಚಿಟ್ಟ ಎಚ್ಚರಿಕೆ

ದುಪಟ್ಟಾದ ತುದಿ ಮೆಟ್ರೋ ಬಾಗಿಲಿನ ರಬ್ಬರಿಗೆ ಸಿಕ್ಕಿಕೊಂಡಿದೆ, ಹಸಿರು ತುದಿ, ಆಚೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿರಬೇಕು, ಆ ಹೆಂಗಸು ಎಳೆಯುತ್ತಿದ್ದಾಳೆ, ಎಳೀಬೇಡಿ ಆಂಟಿ ಹರಿದೋಗುತ್ತೆ, ಅತ್ತಿಗುಪ್ಪೆಲಿ ಬಾಗಿಲು ತೆಗೆಯುತ್ತೆ ಬಿಡಿ, ಎಂದು ಡೆಲಿವರಿ ಚೀಲ ಬೆನ್ನಿಗೇರಿಸಿಕೊಂಡವನೊಬ್ಬ ನಗುತ್ತಾನೆ, ಮಡಿವಾಳಪ್ಪ ನೋಡುತ್ತಾನೆ, ನೋಡಿದ್ದು ತಲೆಗೆ ಹೋಗುವುದಿಲ್ಲ, ತಲೆಯಲ್ಲಿ ಇನ್ನೂ ಬೆಳಗಿನ ಮೀಟಿಂಗೇ ನಡೆದಿದೆ — ಲ್ಯಾಪ್‌ಟಾಪಿನ ಪರದೆಯ ತುಂಬ ಸಣ್ಣ ಚೌಕಗಳು, ಚೌಕಕ್ಕೊಂದು ಮುಖ, ಮ್ಯಾನೇಜರ್ ಕಶ್ಯಪ್ ಕೇಳುತ್ತಿದ್ದಾನೆ, ಎಚ್ಚರಿಕೆ ಕಾಣದ ಹಾಗೆ ಮಾಡಿದ್ದು ಯಾರು, ಹೆಸರು ಶುಭಾ ಅಂತ ತೋರಿಸ್ತಿದೆ, ಶುಭಾ, ನೀವೇನಾ. ಹೌದು ಸಾರ್, ನಾನೇ. ಅಷ್ಟೇ ಅಂದಳು. ಮಡಿವಾಳಪ್ಪ ಸಾರ್ ಹೇಳಿದ್ರು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಮಡಿವಾಳಪ್ಪ ಹಾರಿ ಬೀಳುತ್ತಿದ್ದ, ಕೂಗಾಡುತ್ತಿದ್ದ, ಕೂಗಾಡಿ ಸುಸ್ತಾದ ಮೇಲೆ ಹೌದಪ್ಪಾ ನಾನೇ ಹೇಳಿದ್ದು ಎನ್ನುತ್ತಿದ್ದ, ಅವನಿಗೆ ಗೊತ್ತಿರುವುದು ಅದೊಂದೇ ದಾರಿ. ಸುಮ್ಮನಿದ್ದವರ ಎದುರು ಏನು ಮಾಡುವುದು. ಹೊಟ್ಟಿಗೆ ಏನೂ ಹಾಕ್ಕೊಳ್ಳದ ಎಲ್ಲಿಗ್ ಹೊಂಟ್ರಿ, ಎಂದು, ಮನೆಯಿಂದ ಹೊರಡುವಾಗ, ಹೆಂಡತಿ ಹೊನ್ನವ್ವ ಅಡುಗೆಮನೆಯಿಂದ ಕೇಳಿದ್ದಳು, ಮದುವೆಯಾಗಿ ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಊರಿನ ಮಾತು ಬಿಟ್ಟಿಲ್ಲ, ಅವನೂ ಅವಳ ಎದುರು ಬಿಡುವುದಿಲ್ಲ — ನಾಯಂಡಹಳ್ಳಿಗೆ. ಅಲ್ಲೇನೈತಿ. ಶುಭಾನ ಮನಿ ಐತಿ. ಹೊನ್ನವ್ವ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ಬೈಯಾಕ ಹೊಂಟಿದ್ರ ಹೋಗಬ್ಯಾಡ್ರಿ, ಅಂದಳು.

ಬೈಯುವುದಕ್ಕಲ್ಲ ಮಾರಾಯ್ತಿ, ಎನ್ನಬೇಕಿತ್ತು, ಬಾಗಿಲು ಬಡಿದು ಬಂದ. ಬೈದದ್ದು ಆಗಲೇ ಆಗಿಹೋಗಿದೆಯಲ್ಲ, ಕಳೆದ ವರ್ಷ. ಅವರದು ಕ್ಲಿನಿಕ್ಕುಗಳ ತಂತ್ರಾಂಶ, ರಕ್ತ ಪರೀಕ್ಷೆಯ ವರದಿ, ಔಷಧದ ಚೀಟಿ, ಬಿಲ್ಲು, ಎಲ್ಲವೂ ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡುತ್ತದೆ, ಯಾವ ಡಬ್ಬಿ ಎಲ್ಲಿ ಕೂರಬೇಕು, ಬಿದ್ದದ್ದನ್ನು ಯಾವಾಗ ಎಬ್ಬಿಸಬೇಕು ಎಂದು ನೋಡಿಕೊಳ್ಳುವ ಮೇಸ್ತ್ರಿ ಕುಬರ್ನೆಟಿಸ್ ಎಂಬ ಇನ್ನೊಂದು ತಂತ್ರಾಂಶ. ವರ್ಷಕ್ಕೆ ಮೂರು ಸಲ ಅದರ ಹೊಸ ಆವೃತ್ತಿ ಬರುತ್ತದೆ, ಮೇಸ್ತ್ರಿ ಬದಲಾಗುತ್ತಾನೆ, ಹೊಸಬನಿಗೆ ಹಳೆಯ ಮಾತು ಕೆಲವು ತಿಳಿಯುವುದಿಲ್ಲ, ಅವನು ಬರುವ ಮೊದಲೇ ತಂತ್ರಾಂಶಕ್ಕೆ ಹೊಸ ಮಾತು ಕಲಿಸಿಡುವುದೇ ಮಡಿವಾಳಪ್ಪನ ಕೆಲಸ. ಮೇಸ್ತ್ರಿ ಮೋಸಗಾರನೇನಲ್ಲ, ತಿಂಗಳುಗಟ್ಟಲೆ ಮುಂಚೆಯೇ ಹಳದಿ ಅಕ್ಷರದಲ್ಲಿ ಎಚ್ಚರಿಸುತ್ತಾನೆ, ಈ ರೀತಿ ಇನ್ನು ನಡೆಯುವುದಿಲ್ಲ, ಬದಲಾಯಿಸಿಕೊಳ್ಳಿ ಎಂದು. ಆ ಹಳದಿ ಸಾಲು ಕಂಡಾಗಲೆಲ್ಲ ಕ್ಲಿನಿಕ್ಕಿನವರ ಫೋನು, ಸಾರ್ ಏನೋ ಹಳದಿ ಬರ್ತಿದೆ, ಏನಾದ್ರೂ ತೊಂದರೆನಾ, ತೊಂದರೆಯಿಲ್ಲ ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು, ಬದಲಾಯಿಸೋಣವೆಂದರೆ ತಲೆಯ ಮೇಲೆ ಬೇರೆ ಹತ್ತು ಕೆಲಸ, ತನ್ನ ಕೈಕೆಳಗಿನ ಶುಭಾಳನ್ನು ಕರೆದು, ಆ ಹಳದಿ ಕಾಣಬಾರದು, ಮುಚ್ಚಿಬಿಡು, ಅಂದ. ಸಾರ್, ಅದು ಸುಮ್ನೆ ಬರೋದಲ್ಲ ಸಾರ್, ಆ ದಾರಿ ಮುಂದೆ ಇರೋದೇ ಇಲ್ಲ, ಎರಡು ವಾರ ಕೊಡಿ, ನಾನೇ ಬದಲಾಯಿಸ್ತೀನಿ. ತಾಯಿ, ನನಗ ಪಾಠ ಹೇಳಬ್ಯಾಡ, ಮುಚ್ಚು ಅಂದ್ರ ಮುಚ್ಚು. ಸಿಟ್ಟು ಬಂದಾಗ ಆಫೀಸಿನಲ್ಲೂ ಊರಿನ ಮಾತೇ ಬರುತ್ತದೆ, ಇಡೀ ಮಹಡಿ ಕೇಳಿತು, ಜೀವನ್ ಮೂಲೆಯಿಂದ, ಗುರು, ಸಾರ್ ಮ್ಯೂಟ್‌ನಲ್ಲಿದ್ರೂ ಕೆಂಗೇರಿ ತನಕ ಕೇಳುತ್ತೆ, ಎಂದ, ಎಲ್ಲರೂ ನಕ್ಕರು, ಅವನಿಗೂ ಒಳಗೊಳಗೇ ಹೆಮ್ಮೆ. ಶುಭಾ ನಗಲಿಲ್ಲ. ಮುಚ್ಚಿದಳು.

ದೀಪಾಂಜಲಿ ನಗರ. ದುಪಟ್ಟಾದವಳು ಯಾವಾಗ ಇಳಿದಳೋ. ಮೊನ್ನೆ ರಾತ್ರಿ ಆ ಕ್ಲಿನಿಕ್ಕುಗಳ ಕಡೆ ಹೊಸ ಮೇಸ್ತ್ರಿ ಬಂದ, ಹಳೆಯ ಮಾತು ಅವನಿಗೆ ತಿಳಿಯಲಿಲ್ಲ, ನಿನ್ನೆ ಬೆಳಿಗ್ಗೆ ಒಂದೂ ವರದಿ ಹೊರಡಲಿಲ್ಲ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಕೂತವರು ಕೂತೇ ಇದ್ದರು, ಆಪರೇಷನ್ನಿಗೆ ಹೋಗಬೇಕಾದವರನ್ನೂ ನಾಳೆ ಬನ್ನಿ ಎಂದು ಕಳಿಸಿದರಂತೆ, ಮತ್ತೆ ಸರಿಮಾಡಿದ್ದು ಯಾರು, ಅವಳೇ, ಅಂದು ಬೇಡಿದ ಎರಡು ವಾರದ ಕೆಲಸವನ್ನು ಅಳುತ್ತಲೋ ಅಳದೆಯೋ ಇವತ್ತು ಬೆಳಗಿನೊಳಗೆ ಹೇಗೋ ಹೊಲಿದು ಕೊಟ್ಟಳು, ಕೊಟ್ಟ ಮೇಲೆ ಮೀಟಿಂಗು, ಹೌದು ಸಾರ್ ನಾನೇ. ಆಗ ಅವನು ಹೇಳಿದ. ಹೇಳಿದ, ಸುಳ್ಳಲ್ಲ — ನಾನೇ ಮಾಡಿಸಿದ್ದು ಕಶ್ಯಪ್, ಶುಭಾ ಬ್ಯಾಡ ಅಂದಿದ್ಲು, ಆಕಿದೇನೂ ತಪ್ಪಿಲ್ಲ — ಪೂರ್ತಿ ಹೇಳಿದ, ಆದರೆ ಹೊನ್ನವ್ವ ಶೇಂಗಾ ಚಟ್ನಿಗೆ ಮಿಕ್ಸಿ ಹಾಕಿದ್ದಳೆಂದು ಮೈಕು ಮುಚ್ಚಿಟ್ಟಿದ್ದ, ತನ್ನ ಚೌಕದಲ್ಲಿ ತನ್ನದೇ ಬಾಯಿ ಆಡುವುದು ಕಂಡಿತು, ನರೆತ ಮೀಸೆಯ ಕೆಳಗೆ ಬಾಯಿ, ದನಿಯಿಲ್ಲ. ಸಾರ್, ಮ್ಯೂಟ್‌ನಲ್ಲಿದೀರ, ಎಂದ ಜೀವನ್. ಗುಂಡಿ ಒತ್ತಿದ. ಹೇಳಿ ಸಾರ್, ಎಂದ ಕಶ್ಯಪ್, ಎಲ್ಲ ಮುಖಗಳೂ ಕಾದವು, ಮಿಕ್ಸಿ ಕೂಡ ನಿಂತಿತ್ತು. ಏನಿಲ್ಲ, ಮುಂದ ಹೋಗ್ರಿ.

ಏನಿಲ್ಲ. ಎಲ್ಲಿಂದ ಬಂತು ಆ ಮಾತು. ಊರಿನ ಶಾಲೆಯಲ್ಲಿ ಒಂದೇ ಕೋಣೆ, ನಾಲ್ಕು ಇಯತ್ತೆಯ ಮಕ್ಕಳು, ಒಂದು ಮೂಲೆಯಲ್ಲಿ ಮಗ್ಗಿ, ಇನ್ನೊಂದರಲ್ಲಿ ಪದ್ಯ, ಮಾಸ್ತರಿಗೆ ಕೂಗಿದವನ ಮಾತೇ ಕೇಳುತ್ತಿತ್ತು, ಹಾಗೆ ಕೂಗಿ ಕೂಗಿಯೇ ಇಲ್ಲಿಯವರೆಗೆ ಬಂದ, ಮೆಲ್ಲಗೆ ಹೇಳಬೇಕಾದ ಮಾತೊಂದು ಎದುರಾದೀತೆಂದು ಯಾರೂ ಹೇಳಿಕೊಡಲಿಲ್ಲ. ಮೊದಲ ಸಲ ಮಾತು ತಾನಾಗಿ ಬಂದಿತ್ತು, ಎರಡನೇ ಸಲ ತರಬೇಕಿತ್ತು, ತರುವಷ್ಟರಲ್ಲಿ ಹೆದರಿಕೆ ಮುಂದೆ ಬಂದು ನಿಂತಿತು, ಐವತ್ತು ದಾಟಿದವನನ್ನು ಇನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ ಎಂಬ ಹೆದರಿಕೆ, ಅವಳು ಚಿಕ್ಕವಳು, ಅವಳಿಗೆ ಸಿಗುತ್ತದೆ ಎಂಬ ಹೊಲಸು ಲೆಕ್ಕ. ಮೈಸೂರು ರಸ್ತೆ. ಕಶ್ಯಪ್ ಮೀಟಿಂಗ್ ಮುಗಿಸುವಾಗ ಹೇಳಿದ್ದ, ಊಟದ ಹೊತ್ತಿಗೆ ಮೇಲಿನವರಿಗೆ ಒಂದು ಹೆಸರು ಕೊಡಬೇಕು ಸಾರ್, ಯಾರಾದ್ರೂ ಒಬ್ರು ಕೆಲಸ ಬಿಟ್ಟು ಹೋಗ್ಲೇಬೇಕು ಅಂತಿದಾರೆ. ಇನ್ನೂ ಹೊತ್ತಿದೆ, ಇಳಿದು ಅವಳ ಎದುರಿಗೇ ನಿಂತು ಕಶ್ಯಪ್‌ಗೆ ಫೋನು ಮಾಡಿದರಾಯಿತು, ಅವಳು ಕೇಳುವ ಹಾಗೆ, ಜೋರಾಗಿ — ಈಗಲೇ ಮಾಡಬಹುದಲ್ಲ, ಕೈಯಲ್ಲೇ ಇದೆ ಫೋನು — ಇಲ್ಲಿ ಗದ್ದಲ, ಇಳಿದೇ ಮಾಡುತ್ತೇನೆ.

ನಾಯಂಡಹಳ್ಳಿ, ಎದ್ದು ನಿಂತ, ಫೋನು ಅದುರಿತು, ಶುಭಾಳ ಮೆಸೇಜು. ಸಾರ್, ಮ್ಯೂಟ್‌ನಲ್ಲಿದ್ದಾಗ ಏನೋ ಹೇಳ್ತಿದ್ರಿ, ತುಟೀಲಿ ನನ್ನ ಹೆಸರು ಬಂದಂಗಿತ್ತು, ರೆಕಾರ್ಡಿಂಗ್ ಮತ್ತೆ ಮತ್ತೆ ನೋಡಿದೆ, ಏನ್ ಹೇಳಿದ್ರಿ ಸಾರ್. ಕೆಳಗೇ ರೆಕಾರ್ಡಿಂಗಿನ ಕೊಂಡಿ, ಬೆರಳು ತಾನಾಗಿ ಒತ್ತಿತು, ಚೌಕಗಳು, ಅವನ ಚೌಕ, ನರೆತ ಮೀಸೆ, ಬಾಯಿ ತೆರೆಯುತ್ತದೆ — ಇಳೀತೀರಾ ಅಂಕಲ್, ದಾರಿ ಬಿಡಿ — ಕಂಬ ಹಿಡಿದುಕೊಂಡ, ಜನ ಅವನನ್ನು ಬಳಸಿಕೊಂಡು ಇಳಿದರು, ಹತ್ತಿದರು, ಬಾಗಿಲು ಮುಚ್ಚಿತು, ವರ್ಕ್‌ಶಾಪುಗಳ ತಗಡಿನ ಸೂರು ಹಿಂದೆ ಸರಿಯಿತು, ಪರದೆಯ ಮೇಲ್ತುದಿಯಲ್ಲಿ ಕಶ್ಯಪ್‌ನ ಮೆಸೇಜು ಬಂತು, ಹೆಸರು ಕಳಿಸಿದೆ ಸಾರ್, ನೀವು ಸೀನಿಯರ್, ಶುಭಾ ಅವರಿಗೆ ನೀವೇ ಹೇಳಿಬಿಟ್ರೆ ಒಳ್ಳೇದು. ಅದು ಬಂದು ಹೋಯಿತು. ಅದರ ಅಡಿಯಲ್ಲಿ ಬಾಯಿ ಆಡುತ್ತಲೇ ಇದೆ, ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ, ದನಿ ಹೆಚ್ಚಿಸಿದ, ಇನ್ನೂ ಹೆಚ್ಚಿಸಿದ, ನರೆತ ಮೀಸೆ, ಬಾಯಿ, ದನಿಯಿಲ್ಲ